ಮೇಲೂ ಕೆಂಡ, ಕೆಳಗೂ ಕೆಂಡ

ಸಂಸೆಯಲ್ಲಿ ನೀರು ನೂರು ಡಿಗ್ರಿಯವರೆಗೆ ಕಾಯುವುದಿಲ್ಲ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯ ಈ ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ತಲೆಯ ಮೇಲಿನ ಗಾಳಿಯ ಭಾರ ಕಡಿಮೆ, ಒತ್ತಡ ಕಡಿಮೆ, ನೀರಿನ ಕಣಗಳು ಆವಿಯಾಗಿ ಹಾರಿಹೋಗುವುದು ಸುಲಭ. ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು ಇಲ್ಲಿ 97ರ ಆಸುಪಾಸಿನಲ್ಲೇ ಕೊತಕೊತ ಎನ್ನುತ್ತದೆ. ಊರಿನ ನೆತ್ತಿಯ ಮೇಲಿರುವ 1,894 ಮೀಟರಿನ ಕುದುರೆಮುಖ ಶಿಖರದಲ್ಲಾದರೆ ಅದು 94ನ್ನೂ ಮುಟ್ಟುವುದಿಲ್ಲ.

ಮೂರು ಡಿಗ್ರಿ ಕಡಿಮೆಯಾಯಿತೆಂದು ಚಹಾ ಕೆಡುವುದಿಲ್ಲ. ವರ್ಷ ತುಂಬಿದ ನಾಟಿ ಹುಂಜವನ್ನು ಬೇಯಿಸಲು ಹೊರಟವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಘಟ್ಟದ ಕೆಳಗಿನವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕು. ಪಾತ್ರೆಯಲ್ಲಿ ನೀರಿರುವ ತನಕ ಒಲೆಗೆ ಎಷ್ಟು ಸೌದೆ ತುರುಕಿದರೂ ಸಾರು ಆ ಮಿತಿ ದಾಟುವುದಿಲ್ಲ. ಹೆಚ್ಚಿಗೆ ಉರಿಸಿದ್ದೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಓವನ್ನಿನ ಗುಂಡಿಯನ್ನು 180ಕ್ಕೆ ತಿರುಗಿಸಿದರೂ ಒಳಗಿಟ್ಟ ಪಾತ್ರೆಯ ಸಾರು 97ರಲ್ಲೇ ನಿಲ್ಲುತ್ತದೆ. ಬೇಕ್ ಮಾಡುವ ಅಡುಗೆಯನ್ನು ಅರ್ಥಮಾಡಿಕೊಳ್ಳಲು ಹಿಡಿಯಬೇಕಾದ ಮೊದಲ ಎಳೆ ಇದು. ಕೋಳಿ, ಅಕ್ಕಿ, ಕಾಯಿಹಾಲು ಎಲ್ಲ ಸೇರಿ ಒಂದೇ ಪಾತ್ರೆಯಲ್ಲಿ ಬೇಯುವಾಗ ಮಾಂಸಕ್ಕೆ ಬೇಕಾದ ಉಷ್ಣತೆ ಬೇರೆ, ಸಾರಿನದು ಬೇರೆ, ಮೇಲ್ಪದರ ಕೆಂಪಗಾಗಲು ಬೇಕಾದದ್ದು ಇನ್ನೂ ಬೇರೆ. ಮೂರನ್ನೂ ಒಟ್ಟಿಗೆ ಒದಗಿಸುವುದೇ ಅಡುಗೆಯವರ ಕೆಲಸ.

ಮಲೆನಾಡಿನಲ್ಲಿ ಕಡುಬು, ಕೋಳಿಸಾರು ಎಂದರೆ ಒಂದೇ ಊಟದ ಎರಡು ಹೆಸರು. ಅಕ್ಕಿ ತರಿಯನ್ನು ಕುದಿಯುವ ನೀರಿಗೆ ಹಾಕಿ ತೊಳಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಕಡುಬು. ಮಳೆಗಾಲದಲ್ಲಿ ನಾನು ಇವೆರಡನ್ನೂ ಒಂದೇ ಪಾತ್ರೆಗೆ ಹಾಕಿ ಬೇಕ್ ಮಾಡುತ್ತೇನೆ: ಕೆಳಗೆ ಮೆಣಸು ಹಾಕಿದ ಕೋಳಿ, ಮೇಲೆ ನಿನ್ನೆ ಉಳಿದ ಕಡುಬಿನ ಹೋಳುಗಳ ಹೊದಿಕೆ. ಪಶ್ಚಿಮದ ದೇಶಗಳಲ್ಲಿ ರಾತ್ರಿ ಊಟಕ್ಕೆ ಮಾಡುವ ಚಿಕನ್ ಕ್ಯಾಸರೋಲ್‌ಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ಆಲೂಗಡ್ಡೆಯೋ ಬ್ರೆಡ್ಡೋ ಇರುವ ಜಾಗದಲ್ಲಿ ಇಲ್ಲಿ ಕಡುಬು. ಅಲ್ಲಿ ಓವನ್ ಮಾಡುವ ಕೆಲಸವನ್ನು ಇಲ್ಲಿ ಕೆಂಡ ಮಾಡುತ್ತದೆ, ಏಕೆಂದರೆ ಕುದುರೆಮುಖದ ತಪ್ಪಲಿನಲ್ಲಿ ಆಷಾಢದ ಮಳೆ ಹಿಡಿದುಕೊಂಡಾಗ ಕರೆಂಟನ್ನು ನಂಬಿ ಅಡುಗೆ ಶುರುಮಾಡುವಂತಿಲ್ಲ.

ಕೆಂಡದಲ್ಲಿ ಬೇಕ್ ಮಾಡುವುದು ಈ ಸೀಮೆಗೆ ಹೊಸದೇನೂ ಅಲ್ಲ. ಘಟ್ಟ ಇಳಿದರೆ ಕಾರ್ಕಳ, ಮೂಡುಬಿದಿರೆಯ ಕಡೆ ಗೆಂಡದಡ್ಯೆ ಇದೆ. ಅಕ್ಕಿ ಹಿಟ್ಟಿಗೆ ಸೌತೆಕಾಯಿಯನ್ನೋ ಹಲಸಿನ ಹಣ್ಣನ್ನೋ ಬೆಲ್ಲದ ಜೊತೆ ಸೇರಿಸಿ, ಬಾಳೆಲೆ ಹಾಸಿದ ಪಾತ್ರೆಗೆ ಹೊಯ್ದು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಮಾಂಸ ತಿನ್ನದ ಮನೆಗಳಿಗೂ ತಿನ್ನುವ ಮನೆಗಳಿಗೂ ಇದು ಸಮಾನ ವಿದ್ಯೆ. ಬಿರಿಯಾನಿಗೆ ದಮ್ ಕಟ್ಟುವವರು ಮುಚ್ಚಳದ ಮೇಲೆ ಕೆಂಡ ಸುರಿಯುವುದೂ ಇದೇ.

ಈಗ ಕೋಳಿಯ ವಿಚಾರಕ್ಕೆ ಬರೋಣ. ಅಂಗಡಿಯ ಬ್ರಾಯ್ಲರ್ ಕೋಳಿ ಸುಮಾರು ಆರು ವಾರದ ಮರಿ. ಅಷ್ಟರಲ್ಲೇ ಎರಡು ಕಿಲೋ ತೂಗುತ್ತದೆ. ತೋಟದಲ್ಲಿ ಕೆದಕಿ ತಿಂದು ಬೆಳೆದ ನಾಟಿ ಕೋಳಿ ಆ ತೂಕಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಇವೆರಡರ ನಡುವೆ ನಿಲ್ಲುವುದು ಗಿರಿರಾಜ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ಹಿತ್ತಲಲ್ಲಿ ಸಾಕಲೆಂದೇ ರೂಪಿಸಿದ ತಳಿ. ಮೂರೂ ಕೋಳಿಗಳೇ, ಆದರೆ ಬೇಯುವ ಹೊತ್ತು ಮೂರಕ್ಕೂ ಬೇರೆ ಬೇರೆ. ಕಾರಣ ಕೊಲಾಜೆನ್ ಎಂಬ ಪ್ರೋಟೀನು. ಸ್ನಾಯುವಿನ ಎಳೆಗಳನ್ನು ಕಟ್ಟಾಗಿ ಹಿಡಿದಿಡುವ ಪೊರೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು, ಚರ್ಮ, ಎಲ್ಲದರಲ್ಲೂ ಇರುವುದು ಇದೇ. ಮೂರು ಎಳೆಗಳನ್ನು ಹೊಸೆದ ಹಗ್ಗದಂಥ ರಚನೆ ಅದರದು. ಪ್ರಾಣಿಗೆ ವಯಸ್ಸಾದಂತೆ ಒಂದು ಹಗ್ಗಕ್ಕೂ ಪಕ್ಕದ ಹಗ್ಗಕ್ಕೂ ನಡುವೆ ರಾಸಾಯನಿಕ ಗಂಟುಗಳು ಬೀಳುತ್ತವೆ, ಬರಬರುತ್ತ ಆ ಗಂಟುಗಳು ಬಿಸಿಗೂ ಬಗ್ಗದಷ್ಟು ಗಟ್ಟಿಯಾಗುತ್ತವೆ. ಎಳೆಯ ಬ್ರಾಯ್ಲರ್ ಅರ್ಧ ಗಂಟೆಯಲ್ಲಿ ಬೆಂದರೆ ಹಳೆಯ ಹುಂಜ ಒಂದೂವರೆ ಗಂಟೆ ದಾಟಿದರೂ ಜಗ್ಗದಿರುವುದು ಇದರಿಂದಲೇ.

ಮಾಂಸ ಬಿಸಿಯಾಗುವಾಗ ಒಂದರ ಹಿಂದೆ ಒಂದು ಘಟನೆ ನಡೆಯುತ್ತದೆ. 50 ಡಿಗ್ರಿಯ ಹೊತ್ತಿಗೆ ಮಯೋಸಿನ್ ಎಂಬ ಸ್ನಾಯು ಪ್ರೋಟೀನು ಬಿಚ್ಚಿಕೊಂಡು ಹೆಪ್ಪುಗಟ್ಟಲು ತೊಡಗುತ್ತದೆ; ಹಸಿ ಮಾಂಸದ ಅರೆಪಾರದರ್ಶಕ ಬಣ್ಣ ಹೋಗಿ ಬಿಳಿಚುತ್ತದೆ. 60 ದಾಟಿದ ಮೇಲೆ ಕೊಲಾಜೆನ್ ಹಗ್ಗಗಳು ಮುದುಡಿಕೊಂಡು ತಾವು ಸುತ್ತಿದ ಸ್ನಾಯುವನ್ನು ಹಿಂಡುತ್ತವೆ, ರಸ ಹೊರಬರುತ್ತದೆ. 70ರ ಆಸುಪಾಸಿನಲ್ಲಿ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನೂ ಸೆಡೆತುಕೊಂಡಾಗ ಮಾಂಸ ಒಣಗತೊಡಗುತ್ತದೆ. ಎದೆಯ ಭಾಗದಲ್ಲಿ ಕೊಲಾಜೆನ್ ಕಡಿಮೆ, ಕೊಬ್ಬೂ ಕಡಿಮೆ, ಆದ್ದರಿಂದ ಅದನ್ನು 75ರಾಚೆಗೆ ಎಳೆದುಕೊಂಡು ಹೋದಷ್ಟೂ ನಾರುನಾರು. ತೊಡೆಯ ಕಥೆ ಬೇರೆ. ಅಲ್ಲಿ ಕೊಲಾಜೆನ್ ಹೇರಳ, ಅದು ಮುದುಡುವುದಷ್ಟೇ ಅಲ್ಲ, 80ರ ಮೇಲೆ ಹೊತ್ತು ಕೊಟ್ಟರೆ ಹಗ್ಗದ ಹೊಸೆತ ಬಿಚ್ಚಿ ಜೆಲಾಟಿನ್ ಆಗಿ ಕರಗುತ್ತದೆ. ಮೊದಲು ರಸ ಹಿಂಡಿದ ಅದೇ ವಸ್ತು ಈಗ ಎಳೆಗಳ ನಡುವೆ ನುಣುಪಾಗಿ ಹರಡುತ್ತದೆ, ಸಾರಿಗೂ ಇಳಿದು ಅದನ್ನು ತುಟಿಗೆ ಅಂಟುವಂತೆ ಮಾಡುತ್ತದೆ. ಫ್ರಿಜ್ಜಿನಲ್ಲಿಟ್ಟ ನಾಟಿ ಕೋಳಿಸಾರು ಬೆಳಗ್ಗೆ ಅಲುಗಾಡುವ ಗಟ್ಟಿಯಾಗಿರುವುದನ್ನು ನೋಡಿದವರು ಜೆಲಾಟಿನ್ನನ್ನೇ ನೋಡಿದ್ದಾರೆ.

ಈ ಭಾಗದಲ್ಲಿ ನಾಟಿ ಕೋಳಿಯ ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ಚರ್ಮದ ಸಮೇತ ಕತ್ತರಿಸುವ ಪದ್ಧತಿ ಇದೆಯಲ್ಲ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಚರ್ಮದಷ್ಟು ಕೊಲಾಜೆನ್ ಕೋಳಿಯ ಮಾಂಸದ ಯಾವ ಭಾಗದಲ್ಲೂ ಇಲ್ಲ, ಸುವಾಸನೆಯನ್ನು ಹಿಡಿದಿಡುವ ಕೊಬ್ಬು ಇರುವುದೂ ಅದರ ಕೆಳಗೇ. ಚರ್ಮ ಸುಲಿದು ಬಿಸಾಡಿದ ಕೋಳಿಯಿಂದ ದಪ್ಪ ಸಾರು ಬರಲಿಲ್ಲವೆಂದು ಕೊರಗಿ ಪ್ರಯೋಜನವಿಲ್ಲ.

ತೊಡೆಗೂ ಎದೆಗೂ ಬೇಕಾದ ಕಾವು ಬೇರೆಯಾದ್ದರಿಂದ ಪಾತ್ರೆಯಲ್ಲಿ ತುಂಡುಗಳನ್ನು ಇಡುವ ಕ್ರಮಕ್ಕೂ ಅರ್ಥವಿದೆ. ಕೋಳಿಯ ಕೊಬ್ಬಿನಲ್ಲೇ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹುರಿದು, ಅರೆದ ಕೊತ್ತಂಬರಿ ಬೀಜದ ಮಸಾಲೆ ಬೆರೆಸಿದ ಮೇಲೆ ತೊಡೆ, ಕಾಲು, ಬೆನ್ನಿನ ತುಂಡುಗಳು ತಳಕ್ಕೆ. ಎರಡನೇ ಸಲ ಹಿಂಡಿದ ತೆಳು ಕಾಯಿಹಾಲು ಅವು ಮುಳುಗುವಷ್ಟು. ಒಣಗಿಸಿದ ವಾಟೆಹುಳಿಯ ಎರಡು ಹೋಳು ಅಥವಾ ಒಂದಿಷ್ಟು ಹುಣಸೆ ಈಗಲೇ ಹಾಕಿದರೆ ಹುಳಿಯ ಆಮ್ಲ ಕೊಲಾಜೆನ್ ಸಡಿಲವಾಗಲು ನೆರವಾಗುತ್ತದೆ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ನಾಟಿ ಕೋಳಿಗೆ ಒಂದು ಗಂಟೆಯ ಮೇಲೆ. ಎದೆಯ ತುಂಡುಗಳು ಆಮೇಲೆ, ಎಲ್ಲಕ್ಕಿಂತ ಮೇಲೆ.

ಮುಚ್ಚಿದ ಪಾತ್ರೆಯಲ್ಲಿ ಸಾರಿನಿಂದ ಮೇಲೆದ್ದ ತುಂಡೂ ಬೇಯುವುದು ಹೇಗೆ? ಹಬೆಯಿಂದ. ಒಂದು ಗ್ರಾಂ ಬಿಸಿನೀರು 97ರಿಂದ 70 ಡಿಗ್ರಿಗೆ ತಣಿಯುವಾಗ ಬಿಟ್ಟುಕೊಡುವ ಶಾಖ 113 ಜೂಲ್ ಮಾತ್ರ. ಅದೇ ಒಂದು ಗ್ರಾಂ ಹಬೆ ತಣ್ಣಗಿನ ಮಾಂಸಕ್ಕೆ ತಾಗಿ ನೀರಾಗುವಾಗ ಸುಮಾರು 2,260 ಜೂಲ್ ಸುರಿಯುತ್ತದೆ, ಇಪ್ಪತ್ತು ಪಟ್ಟು. ಇಡ್ಲಿ, ಕಡುಬು, ಪತ್ರೊಡೆ ಇವೆಲ್ಲ ಅಷ್ಟು ಬೇಗ ಬೇಯುವ ಗುಟ್ಟು ಇದು. ತೆರೆದಿಟ್ಟ ಪಾತ್ರೆಯಲ್ಲಿ ಈ ಸಂಪತ್ತೆಲ್ಲ ಅಡುಗೆಮನೆಯ ಹೆಂಚಿಗೆ ಹೋಗುತ್ತದೆ.

ಅದೇ ಹಬೆ ಮುಂದಿನ ಹಂತಕ್ಕೆ ಅಡ್ಡಿ. ಕಡುಬಿನ ಮೇಲ್ಪದರ ಕೆಂಪಗಾಗಬೇಕು, ಗರಿಗರಿಯಾಗಬೇಕು. ಕೆಂಪು ಬಣ್ಣಕ್ಕೂ ಆ ಪರಿಮಳಕ್ಕೂ ಕಾರಣವಾದ ರಾಸಾಯನಿಕ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದರು. ಸಕ್ಕರೆಗಳೂ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಸೇರಿ, ಒಡೆದು, ಮತ್ತೆ ಸೇರಿ ನೂರಾರು ಹೊಸ ಸಂಯುಕ್ತಗಳಾಗುತ್ತವೆ. ಅಡುಗೆಯ ಹೊತ್ತಿನಲ್ಲಿ ಅದು ಚುರುಕಾಗಲು 140 ಡಿಗ್ರಿ ಬೇಕು. ಸುತ್ತಲಿನ ತೋಟದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಫಿ ಬೀಜವನ್ನು ಹುರಿಯುವಾಗ ಮೊದಲಿನ ಹೊತ್ತೆಲ್ಲ ಒಳಗಿನ ತೇವ ಆರುವುದಕ್ಕೇ ಹೋಗುತ್ತದೆ. ತೇವ ಹೋದ ಮೇಲಷ್ಟೇ ಬೀಜ ಹಳದಿಯಿಂದ ಕಂದಿಗೆ ತಿರುಗಿ ವಾಸನೆ ಬಿಡುತ್ತದೆ. ಕಡುಬಿನ ಮೇಲ್ಮೈಗೂ ಇದೇ ನಿಯಮ. ಅದು ಒದ್ದೆ ಇರುವ ತನಕ 97ರಲ್ಲಿ ಸಿಕ್ಕಿಕೊಂಡಿರುತ್ತದೆ. ಅದಕ್ಕೆ ಈ ಹಂತದಲ್ಲಿ ಮುಚ್ಚಳದ ಅಂಚಿಗೆ ಒಂದು ಸಣ್ಣ ಕಡ್ಡಿ ಸಿಕ್ಕಿಸಿ ಹಬೆಗೆ ದಾರಿ ಕೊಡಬೇಕು.

ಮೇಲಿನ ಕೆಂಡದ ಮಹತ್ವ ಇಲ್ಲಿ ತೆರೆದುಕೊಳ್ಳುತ್ತದೆ. ಕೆಳಗಿನಿಂದ ಬರುವ ಕಾವು ಲೋಹದ ಮೂಲಕ ಹಾದು ಸಾರನ್ನು ಬಿಸಿಮಾಡುತ್ತದೆ, ಬಿಸಿಯಾದ ಸಾರು ಮೇಲೇಳುತ್ತದೆ, ತಣ್ಣಗಿನದು ಇಳಿಯುತ್ತದೆ, ಹೀಗೆ ಸುತ್ತಾಟ. ಮೇಲಿನಿಂದ ಕೊಟ್ಟ ಕಾವು ಹಾಗೆ ಸುತ್ತುವುದಿಲ್ಲ, ಬಿಸಿ ಗಾಳಿ ಹಗುರಾಗಿ ಮುಚ್ಚಳದ ಕೆಳಗೇ ಉಳಿಯುತ್ತದೆ. ಕಾದ ಮುಚ್ಚಳ ಹೊರಸೂಸುವ ಅವಕೆಂಪು ಕಿರಣಗಳು ಮಾತ್ರ ನೇರವಾಗಿ ಕೆಳಗಿಳಿದು ಕಡುಬಿನ ಮೈಗೆ ಬೀಳುತ್ತವೆ. ಮೇಲ್ಮೈ ಆರಿ, 140 ದಾಟಿ ಕೆಂಪೇರುವಾಗ ಅದರ ಒಂದಂಗುಲ ಕೆಳಗೆ ಸಾರು ಮೆಲ್ಲಗೆ ಮಿಸುಕುತ್ತಿರುತ್ತದೆ, ನಡುವೆ ಎದೆಯ ಮಾಂಸ 75ರ ಹತ್ತಿರ ಕ್ಷೇಮವಾಗಿರುತ್ತದೆ. ಮೂರು ಉಷ್ಣತೆಗಳೂ ನಾಲ್ಕು ಬೆರಳಿನ ಆಳದೊಳಗೆ! ಕೆಳಗೆ ಕೆಲವೇ ಕೆಂಡ, ಮೇಲೆ ಅದರ ಎರಡರಷ್ಟು ಇರಬೇಕೆನ್ನುವುದು ಇದಕ್ಕೇ. ತಿರುಗಾಮುರುಗಾ ಮಾಡಿದರೆ ತಳ ಹಿಡಿಯುತ್ತದೆ, ಮೇಲ್ಭಾಗ ಬಿಳಿಯಾಗೇ ಉಳಿಯುತ್ತದೆ.

ಎಷ್ಟು ಕೆಂಡ ಎಂಬುದಕ್ಕಿಂತ ಎಂಥ ಕೆಂಡ ಎಂಬುದು ಮುಖ್ಯ. ಕಾದ ವಸ್ತು ಹೊರಸೂಸುವ ಶಾಖ ಕೆಲ್ವಿನ್‌ನಲ್ಲಿ ಅಳೆದ ಅದರ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣ ಎಂದು 1879ರಲ್ಲಿ ಯೋಸೆಫ್ ಸ್ಟೆಫಾನ್ ಪ್ರಯೋಗಗಳ ಅಂಕಿಗಳಿಂದ ಕಂಡುಕೊಂಡರು. ಅವರ ಶಿಷ್ಯ ಬೋಲ್ಟ್ಸ್‌ಮನ್ 1884ರಲ್ಲಿ ಸಿದ್ಧಾಂತದಿಂದ ಅದನ್ನು ಸಾಧಿಸಿದರು. ಈ ಲೆಕ್ಕದಲ್ಲಿ ಕೆಂಡ 527 ಡಿಗ್ರಿಯಿಂದ 727 ಡಿಗ್ರಿಗೆ ಏರಿದರೆ ಸೂಸುವ ಶಾಖ ಸುಮಾರು ಎರಡೂವರೆ ಪಟ್ಟಾಗುತ್ತದೆ. ಕಣ್ಣಿಗೆ ಕಾಣುವ ವ್ಯತ್ಯಾಸವೆಂದರೆ ಕಪ್ಪುಗೆಂಪು ಹೋಗಿ ಕೆಂಪಗೆ ಹೊಳೆಯುವುದು, ಅಷ್ಟೇ. ಮೇಲೆ ಬೂದಿ ಕವಿದರೆ ಅದೇ ಕೆಂಡ ಅರ್ಧ ಸತ್ತಂತೆ, ಏಕೆಂದರೆ ಬೂದಿ ಶಾಖವನ್ನು ತಡೆಯುವ ಒಳ್ಳೆಯ ಕಂಬಳಿ. ರಾತ್ರಿ ಬೂದಿ ಮುಚ್ಚಿಟ್ಟ ಕೆಂಡ ಬೆಳಗಿನ ತನಕ ಉಳಿಯುವುದೂ ಹೀಗೆಯೇ. ಮುಚ್ಚಳದ ಮೇಲಿನ ಕೆಂಡದ ಬೂದಿಯನ್ನು ಹಗುರವಾಗಿ ಊದಿದರೆ ಓವನ್ನಿನ ಗುಂಡಿಯನ್ನು ಮೇಲಕ್ಕೆ ತಿರುಗಿಸಿದಂತೆ, ಚಿಟಿಕೆ ಬೂದಿ ಉದುರಿಸಿದರೆ ಕೆಳಕ್ಕೆ ತಿರುಗಿಸಿದಂತೆ. “ಊದ್ಬೇಡ ಮಾರಾಯ್ತಿ, ಸೀದು ಹೋಗ್ತದೆ” ಎಂದು ಸೊಸೆಗೆ ಹೇಳುವ ಅತ್ತೆಯ ಕೈಯಲ್ಲಿ ಇರುವುದು ಸ್ಟೆಫಾನರ ನಿಯಮವೇ.

ಕೆಂಡ ಯಾವುದರದು? ತೋಟದ ನೆರಳುಮರಗಳ ಮರಗಸಿಯಲ್ಲಿ ಉದುರಿದ ಕೊಂಬೆ, ಕಿತ್ತ ಹಳೆಯ ಕಾಫಿ ಗಿಡದ ಗಟ್ಟಿ ಕಟ್ಟಿಗೆ, ತೆಂಗಿನ ಚಿಪ್ಪು. ಕಾಫಿ ಕಟ್ಟಿಗೆ ಗಡುಸು, ಕೆಂಡ ಹೊತ್ತು ನಿಲ್ಲುತ್ತದೆ. ಚಿಪ್ಪಿನದು ಬೇಗ ಕಾವೇರುತ್ತದೆ. ಯಾವುದಾದರೂ ಮಳೆಗೆ ಮುಂಚೆ ಒಣಗಿ ಸೂರಿನಡಿ ಸೇರಿರಬೇಕು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಆ ನೀರನ್ನು ಆವಿ ಮಾಡಲು ಸೌದೆ ತನ್ನನ್ನೇ ಸುಟ್ಟುಕೊಳ್ಳಬೇಕು, ಉರಿ ತಣ್ಣಗಾಗಿ ಹೊಗೆ ಹೆಚ್ಚುತ್ತದೆ. ಹೊಗೆ ಎಂದರೆ ಸುಡದೆ ಹೋದ ಸೌದೆ. ಈ ಪೋಲನ್ನೂ ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ಅದು ಮಾಡುವ ಹಾನಿಯನ್ನೂ ಗಂಭೀರವಾಗಿ ತೆಗೆದುಕೊಂಡವರು ನಮ್ಮಲ್ಲೇ ಇದ್ದರು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರದಿಂದ 1980ರ ದಶಕದಲ್ಲಿ ಅಸ್ತ್ರ ಒಲೆ ಬಂತು. ಗಾಳಿ ಒಳಬರಲು ಲೆಕ್ಕ ಹಾಕಿದ ಕಿಂಡಿ, ಒಂದೇ ಉರಿಗೆ ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಮೂರು ಕಲ್ಲಿನ ಒಲೆಗಿಂತ ಅದು ಸೌದೆಯನ್ನು ಎಷ್ಟೋ ಪಾಲು ಉಳಿಸುತ್ತಿತ್ತು. ಹಳ್ಳಿಯ ಅಡುಗೆಮನೆಯನ್ನು ಪ್ರಯೋಗಾಲಯಕ್ಕೆ ಸಮನಾದ ಜಾಗವೆಂದು ಕಂಡ ಆ ವಿಜ್ಞಾನಿಗಳ ಬಗ್ಗೆ ನನಗೆ ಅಪಾರ ಗೌರವವಿದೆ.

ಕೆಂಡದ ಬಗ್ಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೆಂಡಕ್ಕೆ ಹೊಗೆ ಇಲ್ಲ, ಆದರೆ ವಿಷವಿದೆ. ಗಾಳಿ ಸಾಲದೆ ಉರಿಯುವ ಇಂಗಾಲ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇರಿಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಭದ್ರಮಾಡಿದ ಕೋಣೆಯಲ್ಲಿ ಕೆಂಡದ ಅಡುಗೆ ಬೇಡವೇ ಬೇಡ. ಹೊಗೆಗೂಡು ಇರುವ ಒಲೆಯ ಮೇಲೆ, ಇಲ್ಲವೇ ತೆರೆದ ಜಗಲಿಯಲ್ಲಿ ಮಾಡಬೇಕು. ಊಟದ ನಂತರ ಮೈ ಕಾಯಿಸಿಕೊಳ್ಳಲೆಂದು ಆ ಕೆಂಡವನ್ನು ಮಲಗುವ ಕೋಣೆಗೆ ಒಯ್ಯಲೇಬಾರದು.

ಮೇಲೆ ಹೊದಿಸುವ ಕಡುಬು ನಿನ್ನೆಯದೇ ಆಗಿರಬೇಕು. ಅಕ್ಕಿಯ ಪಿಷ್ಟದ ಕಣಗಳು ಬೇಯುವಾಗ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತವೆ. ತಣ್ಣಗಾದ ಮೇಲೆ ಅವುಗಳ ಅಣುಸರಪಳಿಗಳು ಮತ್ತೆ ಸಾಲುಗಟ್ಟಿ ಹರಳಾಗುತ್ತವೆ, ಕಡುಬು ಗಟ್ಟಿಯಾಗುತ್ತದೆ. ಫ್ರಿಜ್ಜಿನ ನಾಲ್ಕು ಡಿಗ್ರಿಯಲ್ಲಿ ಇದು ಇನ್ನೂ ವೇಗ. ಹೀಗೆ ಬಿಗಿದುಕೊಂಡ ಕಡುಬನ್ನು ಅರ್ಧ ಅಂಗುಲ ದಪ್ಪಕ್ಕೆ ಚಾಕುವಿನಲ್ಲಿ ಹೋಳು ಮಾಡಬಹುದು; ಬಿಸಿ ಕಡುಬಾದರೆ ಚಾಕುವಿಗೆ ಮೆತ್ತಿಕೊಂಡು ಸಾರಿನಲ್ಲಿ ಕದಡಿಹೋಗುತ್ತದೆ. ಪಾತ್ರೆಯಲ್ಲಿ ಮತ್ತೆ ಬಿಸಿಯಾದಾಗ ಕವಲೊಡೆದ ಅಣುಗಳಾದ ಅಮೈಲೋಪೆಕ್ಟಿನ್‌ನ ಹರಳುಗಳು 60ರ ಸುಮಾರಿಗೆ ಕರಗಿ ಹೋಳು ಮೆತ್ತಗಾಗುತ್ತದೆ. ನೀಳ ಅಣುಗಳಾದ ಅಮೈಲೋಸ್‌ನ ಹರಳುಗಳು ನೂರು ದಾಟಿದರೂ ಕರಗುವುದಿಲ್ಲವಾದ್ದರಿಂದ ಆಕಾರ ಕೆಡುವುದಿಲ್ಲ. ಉಳಿದ ಕಡುಬಿಗೆ ಇದಕ್ಕಿಂತ ಒಳ್ಳೆಯ ಗತಿ ನನಗೆ ಗೊತ್ತಿಲ್ಲ. ಅಕ್ಕಿಯಲ್ಲಿ ಪ್ರೋಟೀನು ಕಡಿಮೆ, ಬಿಡಿ ಸಕ್ಕರೆ ಇನ್ನೂ ಕಡಿಮೆ, ಹಾಗಾಗಿ ತನ್ನಷ್ಟಕ್ಕೆ ಅದು ಚೆನ್ನಾಗಿ ಕೆಂಪಾಗದು. ಹೋಳುಗಳ ಮೇಲೆ ಗಟ್ಟಿ ಕಾಯಿಹಾಲನ್ನೂ ಸಾರಿನ ಮೇಲೆ ತೇಲುವ ಕೊಬ್ಬನ್ನೂ ಸವರಿದರೆ ಮಯಾರ್ ಕ್ರಿಯೆಗೆ ಬೇಕಾದ ಸಾಮಗ್ರಿ ಸಿಗುತ್ತದೆ.

ಗಟ್ಟಿ ಕಾಯಿಹಾಲನ್ನು ಸಾರಿಗೆ ಬೆರೆಸುವುದು ಕೋಳಿ ಬೆಂದ ಮೇಲೆ, ಕಡುಬು ಹೊದಿಸುವ ತುಸು ಮುಂಚೆ. ಅದು ನೀರಿನಲ್ಲಿ ತೇಲುವ ಕೊಬ್ಬಿನ ಹನಿಗಳ ಮಿಶ್ರಣ; ಹನಿಗಳು ಒಂದಕ್ಕೊಂದು ಕೂಡದಂತೆ ಕಾಯುವುದು ತೆಂಗಿನ ಪ್ರೋಟೀನು. 80 ದಾಟಿದರೆ ಆ ಪ್ರೋಟೀನು ಗರಣೆಗಟ್ಟುತ್ತದೆ, ಹುಳಿ ಜಾಸ್ತಿಯಾದರೆ ಇನ್ನೂ ಬೇಗ. ಆಮೇಲೆ ಹಾಲು ಒಡೆದು ಎಣ್ಣೆ ಬಿಡುತ್ತದೆ. ಒಡೆದರೆ ರುಚಿ ಕೆಡದು, ನುಣುಪು ಹೋಗುತ್ತದೆ. ಸಾರು ತಣಿಸಿ ಬೆರೆಸಿ, ಮೇಲಿನ ಕಾವಿಗೇ ಹೆಚ್ಚು ಕೆಲಸ ಕೊಟ್ಟರೆ ಉಳಿಯುತ್ತದೆ.

ಕರಿಮೆಣಸು ಎರಡು ಸಲ. ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿಯ ಈ ಕಾಳಿನಲ್ಲಿ ಖಾರ ಕೊಡುವ ಪೈಪರಿನ್ ಬೇರೆ, ಘಮ ಕೊಡುವ ಎಣ್ಣೆಗಳು ಬೇರೆ. ಪೈಪರಿನ್ ಕುದಿಗೆ ಅಷ್ಟಾಗಿ ಅಲುಗದು, ಘಮದ ಎಣ್ಣೆಗಳು ಹಬೆಯ ಜೊತೆ ಹಾರಿಹೋಗುತ್ತವೆ. ಅದಕ್ಕೆ ಮೊದಲು ಹಾಕುವ ಪುಡಿ ಖಾರಕ್ಕೆ, ಬಡಿಸುವ ಮುಂಚೆ ಕುಟ್ಟಿ ಉದುರಿಸುವುದು ಘಮಕ್ಕೆ. ಜಡಿಮಳೆಯ ರಾತ್ರಿ ಮೆಣಸಿನ ಸಾರು ಉಂಡರೆ ಮೈ ಬೆಚ್ಚಗಾಯಿತೆನಿಸುವುದಕ್ಕೂ ಕಾರಣ ಸಿಕ್ಕಿದೆ. ನಮ್ಮ ನಾಲಿಗೆಯ ನರಗಳಲ್ಲಿ 43 ಡಿಗ್ರಿ ದಾಟಿದ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಪ್ರೋಟೀನಿದೆ. ಡೇವಿಡ್ ಜೂಲಿಯಸ್ ತಂಡ ಇದನ್ನು 1997ರಲ್ಲಿ ಮೆಣಸಿನಕಾಯಿಯ ಖಾರದ ಜಾಡು ಹಿಡಿದು ಕಂಡುಹಿಡಿಯಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಪೈಪರಿನ್ ಕೂಡ ಇದೇ ಪ್ರೋಟೀನನ್ನು ಕೆಣಕುತ್ತದೆ. ಬಿಸಿ ತಾಗಿದಾಗ ಹೋಗುವ ಸಂದೇಶವೇ ಖಾರ ತಾಗಿದಾಗಲೂ ಮಿದುಳಿಗೆ ಹೋಗುತ್ತದೆ.

ಮೇಲಿನ ಪದರ ಅಂಚಿನಿಂದ ಕೆಂಪಾಗುತ್ತ ನಡುವಿಗೆ ಬರಲು ಇಪ್ಪತ್ತರಿಂದ ಮೂವತ್ತು ನಿಮಿಷ. ಕೋಳಿ ಬೆಂದಿದೆಯೇ ಎಂದು ಮೂಳೆಯ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಎಳೆಯ ಬ್ರಾಯ್ಲರಿನ ಮೂಳೆಗಳು ಜಾಳು, ಮಜ್ಜೆಯ ಕೆಂಪು ಹೊರಗೆ ಸೋರಿ ಪೂರ್ತಿ ಬೆಂದ ಮಾಂಸವೂ ಕೆಂಪಗೆ ಕಾಣಬಹುದು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸಾಯಲು ತುಂಡಿನ ನಡುಭಾಗ 74 ಡಿಗ್ರಿ ಮುಟ್ಟಿರಬೇಕು, ಅಡುಗೆಯ ಥರ್ಮಾಮೀಟರ್ ಒಂದಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆಯುವ ರೂಢಿಯನ್ನೂ ಬಿಡುವುದು ಒಳ್ಳೆಯದು. ಸಿಡಿಯುವ ಹನಿಗಳು ಬ್ಯಾಕ್ಟೀರಿಯಾವನ್ನು ಪಕ್ಕದ ಲೋಟ ತಟ್ಟೆಗಳಿಗೆ ಹಂಚುತ್ತವೆ, ತುಂಡಿನ ಮೇಲಿರುವುದು ಹೇಗೂ ಒಲೆಯಲ್ಲಿ ಸಾಯುತ್ತದೆ.

ಕೆಂಡ ಇಳಿಸಿದ ಕೂಡಲೇ ಬಡಿಸಬಾರದು, ಮಕ್ಕಳು ತಟ್ಟೆ ಹಿಡಿದು ಕೂತಿದ್ದರೂ. ಹತ್ತು ನಿಮಿಷ ಬಿಟ್ಟರೆ ಕಡುಬಿನಿಂದ ಇಳಿದ ಪಿಷ್ಟವೂ ಜೆಲಾಟಿನ್ನೂ ಸಾರನ್ನು ಕೂಡಿಸಿ ಹಿಡಿಯುತ್ತವೆ, ಸೌಟು ಹಾಕಿದರೆ ಪದರ ಪದರವಾಗಿ ಏಳುತ್ತದೆ. ಉಳಿದದ್ದನ್ನು ರಾತ್ರಿಯೆಲ್ಲ ಒಲೆಯ ಮೇಲೇ ಬಿಡುವುದು ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು 97 ಡಿಗ್ರಿಗೆ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಆ ವಿಷ ಮರುದಿನ ಕುದಿಸಿದರೂ ಹೋಗದು. ಎರಡು ಗಂಟೆಯೊಳಗೆ ಅಗಲವಾದ ತಟ್ಟೆಗೆ ಹರಡಿ ತಣಿಸಿ ಫ್ರಿಜ್ಜಿಗೆ ಇಡಬೇಕು. ಬೆಳಗ್ಗೆ ಮೇಲಿನ ಪದರ ಸಾರಿನ ತೇವ ಎಳೆದುಕೊಂಡು ಮೆತ್ತಗಾಗಿರುತ್ತದೆ. ಹೋಳುಗಳನ್ನು ಬೇರೆ ತೆಗೆದು ಕಾದ ಕಾವಲಿಯ ಮೇಲೆ ಎರಡೂ ಮಗ್ಗುಲು ಸುಟ್ಟು, ಸಾರನ್ನು ಚೆನ್ನಾಗಿ ಕುದಿಸಿ ಅದರ ಪಕ್ಕಕ್ಕೆ ಬಡಿಸಿದರೆ ತಿಂಡಿಗಾಯಿತು.